ಎಂಟು ತಿಂಗಳು ನೆಲದೊಳಗೆ

ಮಿರಗ ಮಳೆ ಹಿಡಿದ ಎರಡು ಮೂರು ವಾರಕ್ಕೆ ಬೆಳಗಾವಿ ಸುತ್ತಲಿನ ಮಡ್ಡಿಗಳಲ್ಲಿ, ಕೆಂಪು ಜಂಬಿಟ್ಟಿಗೆಯ ಮೇಲೆ ತೆಳ್ಳಗೆ ಕೂತ ಮಣ್ಣಿನಲ್ಲಿ, ಒಂದು ಎಲೆ ಹುಟ್ಟುತ್ತದೆ. ಒಂದೇ ಎಲೆ, ಕೆಲವು ಗಿಡಕ್ಕೆ ಎರಡು. ಹೃದಯದ ಆಕಾರ, ಅಂಗೈಗಿಂತ ಚಿಕ್ಕದು, ಮುಟ್ಟಿದರೆ ದಪ್ಪ. ಅದು ಮೇಲೇಳುವುದೇ ಇಲ್ಲ, ನೆಲಕ್ಕೆ ಅಂಟಿಕೊಂಡೇ ಬಿಚ್ಚಿಕೊಳ್ಳುತ್ತದೆ. ಹುಲ್ಲು ಸರಿಯಾಗಿ ತಲೆಯೆತ್ತುವ ಮೊದಲೇ ಎಲೆಯ ನಡುವಿನಿಂದ ಗೇಣಿಗೂ ಕಡಿಮೆ ಎತ್ತರದ ಕಡ್ಡಿಯೊಂದು ಎದ್ದು ಒಂದೋ ಎರಡೋ ಮೂರೋ ಬಿಳಿ ಹೂ ಬಿಡುತ್ತದೆ. ಜಾಗ ಹದವಾಗಿದ್ದರೆ ನೂರಾರು ಗಿಡ ಒಟ್ಟಿಗೆ ಅರಳಿ, ದೂರದಿಂದ ನೋಡಿದವರಿಗೆ ಮಡ್ಡಿಯ ಮೇಲೆ ಯಾರೋ ಸುಣ್ಣ ಚೆಲ್ಲಿದಂತೆ ಕಾಣುತ್ತದೆ. ಕಾರ ಹುಣ್ಣಿಮೆಯಿಂದ ನಾಗರ ಪಂಚಮಿಯ ಆಸುಪಾಸಿನವರೆಗೆ ಇದರ ಕಾಲ. ಆಮೇಲೆ ಹುಲ್ಲು ಎದ್ದು ಎಲೆಯನ್ನು ಮುಚ್ಚುತ್ತದೆ, ಹೂ ಕಾಯಾಗುತ್ತದೆ, ದಸರೆ ದಾಟುವಷ್ಟರಲ್ಲಿ ನೆಲದ ಮೇಲೆ ಅದರ ಗುರುತೂ ಉಳಿದಿರುವುದಿಲ್ಲ.

ಇದು ಹ್ಯಾಬೆನೇರಿಯಾ ಗ್ರಾಂಡಿಫ್ಲೋರಿಫಾರ್ಮಿಸ್, ಒಂದು ಆರ್ಕಿಡ್. ಆರ್ಕಿಡ್ ಎಂದೊಡನೆ ನಮಗೆ ನೆನಪಾಗುವುದು ಮರದ ಕೊಂಬೆಯಿಂದ ಜೋತುಬೀಳುವ ಸೀತಾಳೆ ದಂಡೆ. ಪಕ್ಕದ ಖಾನಾಪುರದ ಕಾಡುಗಳಲ್ಲಿ ಅದಕ್ಕೇನೂ ಕೊರತೆಯಿಲ್ಲ. ಮರದ ಆರ್ಕಿಡ್ ವರ್ಷವಿಡೀ ಕಣ್ಣಿಗೆ ಬೀಳುತ್ತದೆ; ಹೂವಿಲ್ಲದಾಗಲೂ ಎಲೆ, ಬೇರು ಕಾಣುತ್ತವೆ. ನೆಲದ ಆರ್ಕಿಡ್ ಹಾಗಲ್ಲ. ಅದು ನಮಗೆ ಕಾಣುವುದು ವರ್ಷದ ನಾಲ್ಕು ತಿಂಗಳು ಮಾತ್ರ. ಉಳಿದ ಎಂಟು ತಿಂಗಳು ಅದು ಮಣ್ಣಿನೊಳಗಿನ ಜೀವಿ. ಈ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಇದರ ಎಲೆ ಹೀಗೇಕೆ, ಹೂ ಹೀಗೇಕೆ, ಇದನ್ನು ಕಿತ್ತು ತಂದು ಕುಂಡದಲ್ಲಿಟ್ಟರೆ ಏಕೆ ಸಾಯುತ್ತದೆ ಎಂಬುದೆಲ್ಲ ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ.

ಹ್ಯಾಬೆನೇರಿಯಾ ದೊಡ್ಡ ಕುಲ. ಜರ್ಮನಿಯ ಸಸ್ಯವಿಜ್ಞಾನಿ ವಿಲ್ಡೆನೊವ್ 1805ರಲ್ಲಿ ಇದಕ್ಕೆ ಹೆಸರಿಟ್ಟ. ಇವತ್ತಿನ ಲೆಕ್ಕಕ್ಕೆ ಪ್ರಪಂಚದ ಉಷ್ಣ ಮತ್ತು ಉಪೋಷ್ಣ ವಲಯಗಳಲ್ಲಿ ಎಂಟುನೂರಕ್ಕೂ ಹೆಚ್ಚು ಪ್ರಭೇದಗಳು. ಆಫ್ರಿಕಾ, ಬ್ರೆಜಿಲ್, ಚೀನಾ, ಭಾರತ ಎಲ್ಲೆಲ್ಲೂ ಇವೆ. ಬೆಳಗಾವಿಯಿಂದ ಪಶ್ಚಿಮಕ್ಕೆ ಹೊರಟವರಿಗೆ ಇವು ಸಾಲಾಗಿ ಎದುರಾಗುವುದಕ್ಕೆ ಮುಖ್ಯ ಕಾರಣ ಮಳೆ. ಬೆಳಗಾವಿಯ ದಂಡುಪ್ರದೇಶವಾದ ಕ್ಯಾಂಪಿನಿಂದ ಪೀರಣವಾಡಿ, ಕಿಣಯೆ, ಜಾಂಬೋಟಿ ದಾಟಿ ಕನಕುಂಬಿಗೆ ಸುಮಾರು ಐವತ್ತು ಕಿಲೋಮೀಟರ್ ದಾರಿ. ಅಷ್ಟರೊಳಗೆ ಮಳೆಯ ಪ್ರಮಾಣ ನಗರದ ಮಳೆಯ ಹಲವು ಪಟ್ಟು ಏರುತ್ತದೆ. ಬಯಲುಸೀಮೆಯ ಅಂಚಿನ ಒಣ ಮಡ್ಡಿ, ಗದ್ದೆಯ ಬದು, ಉದುರೆಲೆಯ ಕಾಡು, ಮಲಪ್ರಭೆ ಹುಟ್ಟುವ ಹಸಿ ಹುಲ್ಲುಗಾವಲು, ಚೋರ್ಲಾ ಘಟ್ಟದ ನಿತ್ಯಹಸಿರು ಕಾಡು, ಇವಿಷ್ಟೂ ಒಂದು ಬೆಳಗಿನ ಪ್ರಯಾಣದಲ್ಲಿ ಸಿಗುತ್ತವೆ. ಪ್ರತಿಯೊಂದಕ್ಕೂ ಅದರದೇ ಹ್ಯಾಬೆನೇರಿಯಾ. ಬಂಡೆಯ ಬಿರುಕಿಗೆ ಹಸಿರು ಪಾಚಿಯ ಜತೆ ಅಂಟಿಕೊಂಡು ಒಂದೆರಡು ಹೂ ಬಿಡುವ ರಾರಿಫ್ಲೋರಾ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಹುಲ್ಲಿನ ನಡುವೆ ನೆಟ್ಟಗೆ ನಿಂತು, ಎಲ್ಲ ಹೂಗಳನ್ನೂ ಒಂದೇ ಪಕ್ಕಕ್ಕೆ ತಿರುಗಿಸಿಕೊಳ್ಳುವ ಹೇನಿಯಾನಾ ಗಣೇಶ ಚೌತಿಯ ಹೊತ್ತಿನದು. ಇಂಗ್ಲಿಷಿನಲ್ಲಿ ಅದಕ್ಕೆ ಟೂತ್‌ಬ್ರಷ್ ಆರ್ಕಿಡ್ ಎಂಬ ಹೆಸರೇ ಬಿದ್ದಿದೆ. ಬೆಂಜಮಿನ್ ಹೇನ್ ಎಂಬ ವೈದ್ಯನ ನೆನಪಿಗೆ ಆ ಹೆಸರು. ಟಿಪ್ಪುವಿನ ನಂತರದ ದಿನಗಳಲ್ಲಿ ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಂಡ, ಈಸ್ಟ್ ಇಂಡಿಯಾ ಕಂಪನಿಯ ಸಸ್ಯತಜ್ಞ ಆತ. ಮಳೆ ಹಿಂದೆ ಸರಿದು ಸೀಗಿ ಹುಣ್ಣಿಮೆ ಹತ್ತಿರ ಬಂದಾಗ ಮಾರ್ಜಿನೇಟಾ ಹಳದಿ ಹೂ ಬಿಡುತ್ತದೆ. ಬಿಳಿ ಮತ್ತು ತಿಳಿ ಹಸಿರೇ ತುಂಬಿದ ಈ ಕುಲದಲ್ಲಿ ಆ ಹಳದಿ ಕಣ್ಣಿಗೆ ಹಬ್ಬ. ದಟ್ಟ ಕಾಡಿನ ತೇವದ ಬಂಡೆಗಳ ಮೇಲೆ ಕ್ರಿನಿಫೆರಾ. ಅದರ ತುಟಿ ಸೀಳಿಕೊಂಡಿರುವ ರೀತಿ ಕೈಕಾಲು ಚಾಚಿದ ಪುಟ್ಟ ಗೊಂಬೆಯದು.

ಇನ್ನು ಮಣ್ಣಿನೊಳಕ್ಕೆ ಹೋಗೋಣ. ಗಿಡ ಅಗೆದು ನೋಡುವ ಅಗತ್ಯವೇನಿಲ್ಲ. ಜಾಂಬೋಟಿ ರಸ್ತೆಯಲ್ಲಿ ಯಂತ್ರ ಕೆರೆದ ಪಕ್ಕದ ಗೋಡೆಯಲ್ಲಿ ಮಳೆಗಾಲದ ನಡುವೆ ಇದು ತಾನಾಗಿ ತೆರೆದುಕೊಂಡಿರುತ್ತದೆ. ಕಾಂಡದ ಬುಡಕ್ಕೆ ಎರಡು ಗಡ್ಡೆ. ಒಂದು ಕಂದು ಬಣ್ಣಕ್ಕೆ ತಿರುಗಿ, ಸಿಪ್ಪೆ ಸುಕ್ಕುಗಟ್ಟಿ, ಒತ್ತಿದರೆ ಪೊಳ್ಳು. ಇನ್ನೊಂದು ಬೆಳ್ಳಗೆ, ಬಿಗಿಯಾಗಿ, ನೀರು ತುಂಬಿ ಹೊಳೆಯುವಂಥದ್ದು. ಗಿಡ್ಡ ತೊಟ್ಟಿನ ತುದಿಯಲ್ಲಿ ಹಳೆಯದರ ಪಕ್ಕಕ್ಕೆ ಕೂತಿರುತ್ತದೆ. ಎರಡರ ಮೇಲೆ, ಕಾಂಡದ ಬುಡದಿಂದಲೇ ಹೊರಟ ನಾಲ್ಕಾರು ದಪ್ಪ ಬೇರು. ಅವು ಹುಲ್ಲಿನ ಬೇರಿನಂತೆ ಕವಲೊಡೆದು ಜಾಲ ಕಟ್ಟುವುದಿಲ್ಲ, ಮೊಂಡಾಗಿ ಸ್ವಲ್ಪ ದೂರ ಹೋಗಿ ನಿಂತುಬಿಡುತ್ತವೆ. ಸುಕ್ಕುಗಟ್ಟಿದ್ದು ಹೋದ ವರ್ಷದ ಗಡ್ಡೆ. ಈ ವರ್ಷದ ಎಲೆ, ಕಾಂಡ, ಹೂ ಎಲ್ಲ ಎದ್ದದ್ದು ಅದರ ಗಂಟಿನಿಂದ. ಬಿಗಿಯಾಗಿರುವುದು ಬರುವ ವರ್ಷದ್ದು. ರೈತ ಉಣ್ಣುವ ಕಾಳು ಖರ್ಚು ಮಾಡುತ್ತಲೇ ಬಿತ್ತನೆಯ ಕಾಳು ಬೇರೆ ತೆಗೆದಿಡುವಂತೆ ಈ ಗಿಡ ಹಳೆಯ ಗಡ್ಡೆ ಕರಗಿಸುತ್ತಲೇ ಹೊಸದನ್ನು ತುಂಬಿಸುತ್ತದೆ. ಅದಕ್ಕೆ ಸಿಗುವ ಬಿಸಿಲೂ ಕಡಿಮೆ, ದಿನಗಳೂ ಕಡಿಮೆ. ಜೂನ್, ಜುಲೈನ ಮೋಡದ ಕೆಳಗೆ ಒಂದೆರಡು ಎಲೆ ಹಿಡಿದ ಬೆಳಕಿನಲ್ಲೇ ಎಂಟು ತಿಂಗಳ ಬದುಕಿಗೆ ಬೇಕಾದ ಪಿಷ್ಟ, ಲೋಳೆ, ನೀರು ಕೂಡಿಡಬೇಕು.

ಎಲೆ ನೆಲಕ್ಕೆ ಅಂಟಿರುವುದು ಇಲ್ಲಿ ಕೆಲಸಕ್ಕೆ ಬರುತ್ತದೆ. ಮೇಯುವ ದನದ ನಾಲಿಗೆಗೆ ಅದು ಸುಲಭಕ್ಕೆ ಸಿಗುವುದಿಲ್ಲ, ತನ್ನ ಕೆಳಗೆ ಇನ್ನೊಂದು ಹುಲ್ಲು ಮೊಳೆಯಲೂ ಬಿಡುವುದಿಲ್ಲ. ಮಾರ್ಚ್ ತಿಂಗಳಲ್ಲಿ ಮಡ್ಡಿಗೆ ಬೆಂಕಿ ಬಿದ್ದು ಇಡೀ ಗುಡ್ಡ ಕರ್ರಗಾದಾಗ ಗಿಡದ ಯಾವ ಭಾಗವೂ ಮೇಲಿರುವುದಿಲ್ಲ. ಒಣಹುಲ್ಲಿನ ಬೆಂಕಿ ಬೇಗ ಹಾಯ್ದು ಹೋಗುತ್ತದೆ, ಗಡ್ಡೆ ಕೆಳಗೆ ತಣ್ಣಗಿರುತ್ತದೆ. ಇನ್ನೂ ಒಂದು ವಿಚಿತ್ರವಿದೆ. ಹಿಂದಿನ ವರ್ಷ ಗಂಟು ಸಾಲದೇ ಹೋದರೆ ಕೆಲವು ನೆಲದ ಆರ್ಕಿಡ್‌ಗಳು ಒಂದು ಇಡೀ ಮಳೆಗಾಲ ಮೇಲೇಳದೆ ಒಳಗೇ ಇದ್ದುಬಿಡುತ್ತವೆ. ಒಂದೇ ತುಂಡು ನೆಲವನ್ನು ವರ್ಷ ವರ್ಷ ಗುರುತು ಹಾಕಿ ಎಣಿಸಿದವರು ಪ್ರಪಂಚದ ಹಲವೆಡೆ ಇದನ್ನು ಕಂಡಿದ್ದಾರೆ. ಈ ವರ್ಷ ಕಾಣಲಿಲ್ಲ ಎಂದರೆ ಸತ್ತಿತು ಎಂದಲ್ಲ.

ಗಂಟು ಇದ್ದಲ್ಲಿ ಕಳ್ಳರೂ ಇರುತ್ತಾರೆ. ಕಾಡುಹಂದಿ, ಮುಳ್ಳುಹಂದಿ ಗಡ್ಡೆಗಳನ್ನು ಕೆದಕಿ ತಿನ್ನುತ್ತವೆ. ಮನುಷ್ಯನೂ ಹಿಂದೆ ಬಿದ್ದಿಲ್ಲ. ಆಯುರ್ವೇದದ ಅಷ್ಟವರ್ಗದಲ್ಲಿ ಬರುವ ಋದ್ಧಿ, ವೃದ್ಧಿ ಎಂಬ ಎರಡು ಮೂಲಿಕೆಗಳನ್ನು ಹಿಮಾಲಯದ ಎರಡು ಹ್ಯಾಬೆನೇರಿಯಾಗಳೆಂದು ಗುರುತಿಸುತ್ತಾರೆ. ಚ್ಯವನಪ್ರಾಶದ ಪಟ್ಟಿಯಲ್ಲಿ ಅವುಗಳ ಹೆಸರಿದೆ. ಬರುವ ವರ್ಷದ ಗಡ್ಡೆ ಅಗೆದರೆ ಬರುವ ವರ್ಷದ ಗಿಡವೇ ಇಲ್ಲ. ಗೆಣಸು, ಅರಿಶಿನದಂತೆ ತುಂಡು ಮಾಡಿ ನೆಟ್ಟು ಬೆಳೆಸಿಕೊಳ್ಳುವ ಬೆಳೆಯಲ್ಲ ಇದು. ಒಂದು ಗಡ್ಡೆಗೆ ಸಾಮಾನ್ಯವಾಗಿ ಒಂದೇ ಗಡ್ಡೆ.

ಹೂವನ್ನು ಹತ್ತರಷ್ಟು ಹಿಗ್ಗಿಸುವ ಪುಟ್ಟ ಮಸೂರದಲ್ಲಿ ನೋಡಬೇಕು. ಲಾಂಗಿಕಾರ್ನಿಕ್ಯುಲೇಟಾ ಸಿಕ್ಕರೆ ಒಳ್ಳೆಯದು. ಆಗಸ್ಟ್, ಸೆಪ್ಟೆಂಬರಿನಲ್ಲಿ ಮೊಣಕಾಲೆತ್ತರಕ್ಕೂ ಬೆಳೆಯುವ, ಕೆಲವೇ ದೊಡ್ಡ ಬಿಳಿ ಹೂ ಬಿಡುವ ಪ್ರಭೇದ ಅದು. ಮೊದಲು ಕಣ್ಣಿಗೆ ಬೀಳುವುದು ಹೂವಿನ ಹಿಂದಿನ ತೊಟ್ಟು. ಅದು ತೊಟ್ಟಲ್ಲ, ಅಂಡಾಶಯ; ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿರುತ್ತದೆ. ಮೊಗ್ಗು ಬಲಿಯುವಾಗ ಹೂ ಅರ್ಧ ಸುತ್ತು ತಿರುಗಿ, ಹುಟ್ಟಿನಲ್ಲಿ ಮೇಲಿದ್ದ ದಳ ಕೆಳಕ್ಕೆ ಬರುತ್ತದೆ. ಆ ದಳವೇ ತುಟಿ, ಕೀಟವನ್ನು ಎದುರುಗೊಳ್ಳುವ ಮುಂಬಾಗಿಲು. ಹೊರಸುತ್ತಿನ ಮೂರು ಪುಷ್ಪಪತ್ರಗಳಲ್ಲಿ ಮೇಲಿನದು ಪಕ್ಕದ ಎರಡು ಎಸಳುಗಳ ಜತೆ ಸೇರಿ ಚಿಕ್ಕ ಮುಸುಕು ಕಟ್ಟುತ್ತದೆ. ಉಳಿದೆರಡು ಎರಡು ಬದಿಗೆ ಚಾಚಿಕೊಳ್ಳುತ್ತವೆ. ತುಟಿ ಮೂರು ಸೀಳು. ಈ ಸೀಳುಗಳಲ್ಲೇ ಕುಲದ ವೈವಿಧ್ಯವೆಲ್ಲ ಅಡಗಿದೆ. ಒಂದರಲ್ಲಿ ಅಗಲ ಪಟ್ಟಿ, ಇನ್ನೊಂದರಲ್ಲಿ ಎಳೆ ಎಳೆಯಾದ ಝಾಲರು, ಡಿಜಿಟೇಟಾದಲ್ಲಿ ಹಸಿರು ಬೆರಳುಗಳು.

ಮುಸುಕಿನ ಕೆಳಗೆ ಸ್ತಂಭ. ಬೇರೆ ಹೂಗಳಲ್ಲಿ ಬೇರೆ ಬೇರೆ ನಿಲ್ಲುವ ಗಂಡು ಭಾಗ, ಹೆಣ್ಣು ಭಾಗಗಳು ಆರ್ಕಿಡ್‌ನಲ್ಲಿ ಬೆಸೆದು ಒಂದಾದದ್ದು ಇಲ್ಲಿ. ಅದರ ಮೇಲೆ ಒಂದೇ ಪರಾಗಕೋಶ, ಒಳಗೆ ಸಮಾನಾಂತರ ಎರಡು ಅರೆ. ಪ್ರತಿ ಅರೆಯ ತುದಿ ಸಣ್ಣ ಕೊಳವೆಯಾಗಿ ಮುಂದಕ್ಕೆ ಚಾಚಿರುತ್ತದೆ. ಸೂಜಿಯ ಮೊನೆಯನ್ನು ಆ ಕೊಳವೆಯ ಬಾಯಿಗೆ ಮೆಲ್ಲಗೆ ತಾಗಿಸಿ ಹಿಂದಕ್ಕೆಳೆದರೆ ಹಳದಿ ಮುದ್ದೆಯೊಂದು ಸೂಜಿಗೆ ಅಂಟಿ ಹೊರಬರುತ್ತದೆ. ತುದಿಯಲ್ಲಿ ಅಂಟುಬಿಲ್ಲೆ, ಅದರಿಂದ ಎದ್ದ ಸಪೂರ ದಂಟು, ದಂಟಿನ ತಲೆಗೆ ಪರಾಗ. ಪರಾಗವೂ ಪುಡಿಯಲ್ಲ, ನೂರಾರು ಪುಟ್ಟ ಪೊಟ್ಟಣಗಳನ್ನು ಎಳೆದರೆ ಹಿಗ್ಗುವ ನೂಲಿನಲ್ಲಿ ಪೋಣಿಸಿಟ್ಟದ್ದು. ಒಂದು ಹೂವಿನಲ್ಲಿ ಕೆಲವು, ಮುಂದಿನದರಲ್ಲಿ ಕೆಲವು ಎಂದು ಒಂದೇ ಮುದ್ದೆ ಹಲವು ಹೂಗಳಿಗೆ ಹಂಚಿಕೆಯಾಗಬಲ್ಲದು. ಅಂಟು ಎಷ್ಟು ಗಟ್ಟಿಯೆಂದರೆ ಸೂಜಿಯಿಂದ ಅದನ್ನು ಬಿಡಿಸಲು ಉಗುರಿನಲ್ಲಿ ಕೆರೆಯಬೇಕು.

ಹ್ಯಾಬೆನೇರಿಯಾ ಎಂದು ಖಚಿತಪಡಿಸುವುದು ಇನ್ನೂ ಕೆಳಗಿನ ಭಾಗ. ಮಕರಂದದ ರಂಧ್ರದ ಎರಡೂ ಪಕ್ಕ ತುಟಿಯ ಮೇಲೆ ಎರಡು ಪುಟ್ಟ ಕೋಲು ಮುಂದಕ್ಕೆ ಚಾಚಿರುತ್ತವೆ, ತುದಿ ಮಾತ್ರ ಉಬ್ಬಿ ಜಿಗಟಾಗಿರುತ್ತದೆ. ಅವೇ ಹೆಣ್ಣು ಭಾಗದ ಶಲಾಕಾಗ್ರಗಳು. ಪಕ್ಕದ ಕುಲವಾದ ಪೆರಿಸ್ಟೈಲಸ್‌ನಲ್ಲಿ ಹೂ ಜೋಳದ ಕಾಳಿನಷ್ಟೇ ಚಿಕ್ಕದು, ತುಟಿಯ ಹಿಂದಿನಿಂದ ಇಳಿಯುವ ಬಾಲ ಮೊಟಕು, ಶಲಾಕಾಗ್ರಕ್ಕೆ ಕೋಲಿಲ್ಲ. ದಿಂಬಿನಂತೆ ತುಟಿಯ ಬುಡಕ್ಕೆ ಕೂತುಬಿಟ್ಟಿದೆ. ಇಷ್ಟು ಸೂಕ್ಷ್ಮದ ಮೇಲೆ ಕುಲ ಬೇರ್ಪಡಿಸಬೇಕೇ ಎಂದು ಕೇಳುವವರಿದ್ದಾರೆ. ಡಿಎನ್‌ಎ ಪರೀಕ್ಷೆಗಳು ಬಂದ ಮೇಲೆ ಹ್ಯಾಬೆನೇರಿಯಾ ಎಂದು ನಾವು ಕರೆಯುತ್ತಿರುವುದು ಒಂದೇ ವಂಶದ ಗುಂಪಲ್ಲ ಎಂಬುದೂ ಗೊತ್ತಾಗಿದೆ. ಹೆಸರುಗಳು ಇನ್ನೂ ಅತ್ತಿತ್ತ ಸರಿಯುತ್ತಲೇ ಇವೆ. ಆದರೂ ಮಡ್ಡಿಯ ಮೇಲೆ ಮಳೆಯಲ್ಲಿ ಕೂತು ಗಿಡ ಗುರುತಿಸುವವನಿಗೆ ಈ ಎರಡು ಕೋಲಿನಷ್ಟು ನಂಬಿಕಸ್ತ ಗುರುತು ಬೇರೆ ಇಲ್ಲ ಎಂಬುದು ನನ್ನ ಅನುಭವ.

ಪೆರಿಸ್ಟೈಲಸ್ ಕುಲದ ಒಂದು ಪುಟ್ಟ ಪ್ರಭೇದದ ಹೆಸರು ಲಾಯೈ. ಮುಂಬೈ ಪ್ರಾಂತದ ಸಿವಿಲ್ ಅಧಿಕಾರಿ ಜೆ. ಎಸ್. ಲಾ ಎಂಬುವನ ನೆನಪಿಗೆ ಇಟ್ಟದ್ದು. ಬೆಳಗಾವಿ ಕೋಟೆ 1818ರಲ್ಲಿ ಬ್ರಿಟಿಷರ ಕೈಸೇರಿ ಅದರ ಪಕ್ಕ ದಂಡು ಬೀಡುಬಿಟ್ಟ ಮೇಲೆ ಇಲ್ಲಿಗೆ ವರ್ಗವಾಗಿ ಬಂದ ಅಧಿಕಾರಿಗಳಲ್ಲಿ, ವೈದ್ಯರಲ್ಲಿ ಗಿಡದ ಹುಚ್ಚಿನವರು ಕೆಲವರಿದ್ದರು. ಆ ಕಾಲದ ವೈದ್ಯ ಔಷಧಿಗಾಗಿಯಾದರೂ ಸಸ್ಯಶಾಸ್ತ್ರ ಓದಿಯೇ ಬರುತ್ತಿದ್ದ. ಥಿಯೊಡೋರ್ ಕುಕ್ 1901ರಿಂದ 1908ರ ನಡುವೆ ಪ್ರಕಟಿಸಿದ ಮುಂಬೈ ಪ್ರಾಂತದ ಸಸ್ಯಸಂಪುಟಗಳನ್ನು ತಿರುವಿದರೆ ಬೆಳಗಾವಿ ಎಂಬ ಊರಿನ ಪಕ್ಕ ಲಾ ಮತ್ತು ರಿಚಿ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಕ್ಯಾಂಪಿನ ಹೆಂಚಿನ ಬಂಗಲೆಗಳ ನಡುವೆ ನಡೆಯುವಾಗ ಇಲ್ಲಿನ ಸಸ್ಯಗಳ ವೈಜ್ಞಾನಿಕ ಪರಿಚಯ ಶುರುವಾದದ್ದು ಇಂಥ ಜಗಲಿಗಳ ಮೇಲೆಯೇ ಎಂಬುದು ನನಗೆ ಮರೆಯುವುದಿಲ್ಲ. ಅದೇ ಕಾಲದ ಒಂದು ನಷ್ಟವೂ ಇದೆ. ಇಂಗ್ಲೆಂಡಿಗೆ ಹೋದ ಎಷ್ಟೋ ಒಣಸಸ್ಯ ಹಾಳೆಗಳ ಮೇಲಿರುವುದು ಅಚ್ಚು ಹಾಕಿದ ಒಂದೇ ಚೀಟಿ: ಮಲಬಾರ್, ಕೊಂಕಣ ಇತ್ಯಾದಿ, ಸಂಗ್ರಹಿಸಿದವರು ಸ್ಟಾಕ್ಸ್, ಲಾ ಇತ್ಯಾದಿ. ಗಿಡ ಇದೆ, ಊರಿಲ್ಲ. ಖಾನಾಪುರದ್ದೋ, ರತ್ನಾಗಿರಿಯದ್ದೋ, ಕಾರವಾರದ್ದೋ ಹೇಳಲು ಬಾರದು. ಎರಡು ಇತ್ಯಾದಿಗಳು ನುಂಗಿದ ಮಾಹಿತಿಯನ್ನು ಇನ್ನು ಯಾರೂ ಮರಳಿಸಲಾರರು.

ಹೆಸರುಗಳ ಮಾತು ಬಂದದ್ದಕ್ಕೆ ಒಂದು ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಸಹ್ಯಾದ್ರಿಯ ಹುಲ್ಲಿನ ಇಳಿಜಾರುಗಳಲ್ಲಿ ಆಳೆತ್ತರದ ಹತ್ತಿರಕ್ಕೆ ಬೆಳೆದು, ಅಂಗೈ ತುಂಬುವ, ಝಾಲರು ಅಂಚಿನ, ಗಮಗಮಿಸುವ ಬಿಳಿ ಹೂ ಬಿಡುವ ನೆಲದ ಆರ್ಕಿಡ್ ಒಂದಿದೆ. ಈಗ ಅದನ್ನು ಪೆಕ್ಟೈಲಿಸ್ ಜೈಗಾಂಟಿಯಾ ಎನ್ನುತ್ತಾರೆ. ಹಳೆಯ ಪುಸ್ತಕಗಳಲ್ಲಿ ಇದು ಸುಸಾನೆ ಎಂಬ ಹೆಸರಿನಲ್ಲಿ ಸೇರಿಹೋಗಿತ್ತು. ಹದಿನೇಳನೆಯ ಶತಮಾನದಲ್ಲಿ ಇಂಡೊನೇಷ್ಯಾದ ಅಂಬೋನ್ ದ್ವೀಪದಲ್ಲಿದ್ದ ರಂಫಿಯಸ್ ಎಂಬ ಸಸ್ಯಜ್ಞ 1670ರಲ್ಲಿ ಕುರುಡನಾದ. 1674ರ ಭೂಕಂಪದಲ್ಲಿ ಹೆಂಡತಿ ಸುಸಾನಾಳನ್ನು ಕಳೆದುಕೊಂಡ. ಅಲ್ಲಿನ ಒಂದು ಬಿಳಿ ನೆಲದ ಆರ್ಕಿಡ್‌ಗೆ ಆತ ಸುಸಾನಾಳ ಹೂ ಎಂದು ಹೆಸರಿಟ್ಟ, ಅದನ್ನು ಮೊದಲು ತನಗೆ ತೋರಿಸಿದವಳು ಅವಳು ಎಂಬ ಕಾರಣಕ್ಕೆ. ಲಿನೇಯಸ್ ಆ ಹೆಸರನ್ನು 1753ರಲ್ಲಿ ಉಳಿಸಿಕೊಂಡ. ನಮ್ಮ ಘಟ್ಟದ ಗಿಡ ಬೇರೆ ಪ್ರಭೇದವೆಂದು ಆಮೇಲೆ ವಿಂಗಡಣೆಯಾಯಿತು, ಅದು ಸರಿಯೂ ಹೌದು. ಆದರೂ ಹಳೆಯ ಹಾಳೆಗಳಲ್ಲಿ ಆ ಹೆಸರು ಓದಿದಾಗ ನನಗೆ ಆ ದಂಪತಿ ಕಣ್ಣ ಮುಂದೆ ಬರುತ್ತಾರೆ.

ಹೂವಿನ ಬಾಲಕ್ಕೆ ಬರೋಣ. ತುಟಿಯ ಬುಡ ಹಿಂದಕ್ಕೆ ಬೆಳೆದು ಟೊಳ್ಳು ನಳಿಗೆಯಾಗಿ ಇಳಿಯುತ್ತದೆ. ಲಾಂಗಿಕಾರ್ನಿಕ್ಯುಲೇಟಾದಲ್ಲಿ ಅದರ ಉದ್ದ ಹತ್ತು ಸೆಂಟಿಮೀಟರ್ ದಾಟುತ್ತದೆ. ಹೂವಿಗಿಂತ ಬಾಲವೇ ಹಲವು ಪಟ್ಟು. ಅದನ್ನು ಬೆಳಕಿಗೆ ಹಿಡಿದರೆ ತಳದಲ್ಲಿ ನಿಂತ ಮಕರಂದದ ಮಟ್ಟ ಹೊರಗಿನಿಂದಲೇ ಕಾಣುತ್ತದೆ. ಜೇನುನೊಣಕ್ಕೆ ಅಲ್ಲಿಗೆ ನಾಲಿಗೆ ಎಟುಕದು. ಹೂ ಬಿಳಿ, ಕತ್ತಲಾದ ಮೇಲೆ ಪರಿಮಳ. ಹಗಲಿನ ಅತಿಥಿಗಾಗಿ ಮಾಡಿದ ಏರ್ಪಾಡಲ್ಲ ಇದು. ಬರಬೇಕಾದವು ಸ್ಫಿಂಗಿಡೇ ಕುಟುಂಬದ ಪತಂಗಗಳು, ಇಂಗ್ಲಿಷಿನ ಹಾಕ್‌ಮಾತ್. ಹೂವಿನ ಮೇಲೆ ಕೂರದೆ ಎದುರಿಗೆ ಗಾಳಿಯಲ್ಲೇ ನಿಂತು, ಸುರುಳಿ ಬಿಚ್ಚಿ ಹೀರುನಳಿಗೆ ಇಳಿಸುವಂಥವು.

1862ರಲ್ಲಿ ಡಾರ್ವಿನ್ ಆರ್ಕಿಡ್‌ಗಳ ಮೇಲೆ ಬರೆದ ಪುಸ್ತಕದಲ್ಲಿ ಮಡಗಾಸ್ಕರ್‌ನ ಒಂದು ಆರ್ಕಿಡ್‌ನ ಬಾಲ ಅಡಿಯಷ್ಟು ಉದ್ದವಿರುವುದನ್ನು ಕಂಡು, ಅಷ್ಟೇ ಉದ್ದದ ನಾಲಿಗೆಯ ಪತಂಗ ಅಲ್ಲಿ ಇರಲೇಬೇಕು ಎಂದ. ಪತಂಗಕ್ಕೆ ಹೆಸರು ಬಿದ್ದದ್ದು 1903ರಲ್ಲಿ, ಡಾರ್ವಿನ್ ತೀರಿಕೊಂಡು ಎರಡು ದಶಕ ದಾಟಿದ ಮೇಲೆ. ಇದು ಎಲ್ಲರಿಗೂ ಗೊತ್ತಿರುವ ಕತೆ. ಅದೇ ಪುಸ್ತಕದಲ್ಲಿ ಆತ ಇಂಗ್ಲೆಂಡಿನ ಹುಲ್ಲುಗಾವಲಿನ ಎರಡು ಬಿಳಿ ಆರ್ಕಿಡ್‌ಗಳನ್ನು, ಆಗ ಅವೂ ಹ್ಯಾಬೆನೇರಿಯಾಗಳೇ, ಎದುರು ಬದುರು ಇಟ್ಟು ನೋಡಿದ್ದು ನನಗೆ ಅದಕ್ಕಿಂತ ಹೆಚ್ಚು ರುಚಿಸುತ್ತದೆ. ಎರಡೂ ನೋಟಕ್ಕೆ ಒಂದೇ. ಒಂದರಲ್ಲಿ ಅಂಟುಬಿಲ್ಲೆಗಳ ನಡುವೆ ಅಂತರ ಹೆಚ್ಚು, ಪತಂಗದ ಎರಡು ಕಣ್ಣಿಗೆ ಹೋಗಿ ಅಂಟುತ್ತವೆ. ಇನ್ನೊಂದರಲ್ಲಿ ಅಂತರ ಕಡಿಮೆ, ಹೀರುನಳಿಗೆಯ ಬುಡಕ್ಕೆ ಅಂಟುತ್ತವೆ. ಒಂದೇ ಪತಂಗ ಎರಡಕ್ಕೂ ಬಂದರೂ ಒಂದರ ಪರಾಗ ಇನ್ನೊಂದರ ಸರಿಯಾದ ಜಾಗಕ್ಕೆ ತಾಗುವುದು ಕಷ್ಟ. ಒಂದೇ ಮಡ್ಡಿಯಲ್ಲಿ, ಒಂದೇ ತಿಂಗಳಲ್ಲಿ ಎರಡು ಮೂರು ಹ್ಯಾಬೆನೇರಿಯಾ ಅರಳಿದಾಗ ಅವುಗಳ ಕೊಳವೆಗಳ ನಡುವಿನ ಅಂತರ ಮಸೂರದಲ್ಲಿ ಅಳೆದು ನೋಡಿ. ಪ್ರತಿಯೊಂದೂ ಪತಂಗದ ಮುಖದಲ್ಲಿ ತನ್ನದೇ ಜಾಗ ಹಿಡಿದಿದೆ ಎಂಬ ಗುಮಾನಿ ಬಲವಾಗುತ್ತದೆ. ಬಾಲ ಉದ್ದವಾದಷ್ಟೂ ಪತಂಗ ಮುಖ ಒಳಕ್ಕೆ ತುರುಕಲೇಬೇಕು. ತುರುಕಿದಾಗಲೇ ಅಂಟು ತಾಗುವುದು. ಸ್ವೀಡನ್ನಿನ ನಿಲ್ಸನ್ 1988ರಲ್ಲಿ ಇಂಥ ಹೂಗಳ ಬಾಲವನ್ನು ಕೃತಕವಾಗಿ ಮೊಟಕುಗೊಳಿಸಿ ಇದನ್ನು ಸಾಬೀತು ಮಾಡಿದ. ಮೊಟಕು ಬಾಲದ ಹೂಗಳಲ್ಲಿ ಪರಾಗದ ಸಾಗಾಟ ಕುಸಿಯಿತು.

ನಮ್ಮ ಭಾಗದಲ್ಲಿ ಇಷ್ಟು ಉದ್ದದ ಹೀರುನಳಿಗೆಯ ಪತಂಗ ಯಾವುದು? ಉತ್ತರ ಗೆಣಸಿನ ಹೊಲದಲ್ಲಿದೆ. ಬೆಳಗಾವಿ, ಖಾನಾಪುರ ತಾಲ್ಲೂಕುಗಳ ಕೆಂಪು ನೆಲದಲ್ಲಿ ಮಳೆಗಾಲದ ಗೆಣಸು ಹೆಸರಾದ ಬೆಳೆ. ಬೆಳಗಾವಿ ಮಾರುಕಟ್ಟೆಯಿಂದ ಲಾರಿಗಟ್ಟಲೆ ಗೆಣಸು ಹೊರರಾಜ್ಯಗಳಿಗೆ ಹೋಗುತ್ತದೆ. ಆ ಬಳ್ಳಿಯ ಎಲೆ ತಿಂದು ಬೆಳೆಯುವ ದಪ್ಪನೆಯ, ಬಾಲಕ್ಕೆ ಕೊಂಬಿರುವ ಹುಳು ಆಗ್ರಿಯಸ್ ಕಾನ್ವಾಲ್ವುಲಿ ಎಂಬ ಪತಂಗದ ಮರಿ. ಬೂದು ರೆಕ್ಕೆ, ಹೊಟ್ಟೆಯ ಎರಡು ಬದಿಗೆ ಗುಲಾಬಿ ಪಟ್ಟೆ. ಹೀರುನಳಿಗೆ ದೇಹಕ್ಕಿಂತ ಉದ್ದ, ಹತ್ತು ಸೆಂಟಿಮೀಟರ್ ಆಚೀಚೆ. ದಕ್ಷಿಣ ಆಫ್ರಿಕಾದಲ್ಲಿ ಉದ್ದ ನಳಿಗೆಯ ಹಲವು ಹೂಗಳಿಗೆ ಪರಾಗ ಹೊರುವುದು ಇದೇ ಪತಂಗ ಎಂದು ದಾಖಲಾಗಿದೆ. ಮಡ್ಡಿಯ ಹೂವಿಗೂ ಹೊಲದ ಹುಳುವಿಗೂ ಇರುವ ಈ ಸಂಬಂಧ ಮನಸ್ಸಿಗೆ ಬಂದ ಮೇಲೆ ಗೆಣಸಿನ ಬಳ್ಳಿಗೆ ಹೊಡೆಯುವ ಕೀಟನಾಶಕವನ್ನು ನಾನು ಬೇರೆಯದೇ ಕಣ್ಣಿನಿಂದ ನೋಡತೊಡಗಿದೆ.

ಹೂವನ್ನೂ ಪತಂಗವನ್ನೂ ಒಟ್ಟಿಗೆ ಬಲ್ಲ ಒಬ್ಬ ಮನುಷ್ಯ ಖಾನಾಪುರದ ನೆರೆಯಲ್ಲೇ ಇದ್ದ. ಟಿ. ಆರ್. ಬೆಲ್, ಉತ್ತರ ಕನ್ನಡದ ಅರಣ್ಯಾಧಿಕಾರಿ. ನಿವೃತ್ತನಾದ ಮೇಲೂ ಕಾರವಾರದಲ್ಲೇ ಉಳಿದು 1948ರಲ್ಲಿ ತೀರಿಕೊಂಡ. ಕಾಡಿನಿಂದ ಹುಳು ತಂದು, ಎಲೆ ಹಾಕಿ ಸಾಕಿ, ಪತಂಗವಾಗುವವರೆಗೆ ಕಾದು ಬರೆದಿಟ್ಟವನು. 1937ರಲ್ಲಿ ಸ್ಕಾಟ್ ಎಂಬುವನ ಜತೆ ಬರೆದ ಸ್ಫಿಂಗಿಡೇ ಸಂಪುಟವನ್ನು ಇಂದಿಗೂ ಪತಂಗ ನೋಡುವವರು ಕೈಬಿಟ್ಟಿಲ್ಲ. ಆತನೇ ಸೆಡ್ಜ್‌ವಿಕ್ ಜತೆ ಸೇರಿ ಕ್ಯಾಸಲ್‌ರಾಕ್ ಕಡೆಯ ಕಾಡುಗಳಲ್ಲಿ ಗಿಡಗಳನ್ನೂ ಕೂಡಿಸಿದ. ಆಮೇಲೆ 1930ರ ದಶಕದ ಆರಂಭದಲ್ಲಿ ಮುಂಬೈಯ ಪಾದ್ರಿ ಬ್ಲಾಟರ್ ಮತ್ತು ಮೆಕ್ಯಾನ್ ಈ ಪ್ರಾಂತದ ಆರ್ಕಿಡ್‌ಗಳ ಪಟ್ಟಿಯನ್ನು ಹೊಸದಾಗಿ ಕಟ್ಟಿದರು. ಗ್ರಾಂಡಿಫ್ಲೋರಿಫಾರ್ಮಿಸ್ ಎಂಬ ಹೆಸರು ಅವರದೇ.

ಪರಾಗಸ್ಪರ್ಶವಾದ ಹೂ ಕೆಲವೇ ವಾರದಲ್ಲಿ ಕಾಯಾಗುತ್ತದೆ. ಕಾಯಿ ಒಣಗಿ ಉದ್ದಕ್ಕೆ ಬಿರಿದಾಗ ಹೊಗೆಯಂತೆ ಬೀಜ ಹಾರುತ್ತದೆ. ಒಂದು ಕಾಯಿಯಲ್ಲಿ ಸಾವಿರಾರು. ಒಂದೊಂದೂ ಗಾಳಿ ತುಂಬಿದ ತೆಳು ಚೀಲ, ನಡುವೆ ಕೆಲವೇ ಜೀವಕೋಶಗಳ ಭ್ರೂಣ. ಜೋಳದಲ್ಲಿ, ಹೆಸರುಕಾಳಿನಲ್ಲಿ ಮೊಳಕೆಗೆ ಇರುವ ಬುತ್ತಿ ಇದರಲ್ಲಿಲ್ಲ. ಹಾಗಾದರೆ ಮೊಳೆಯುವುದು ಹೇಗೆ? ಫ್ರಾನ್ಸಿನ ಯುವಕ ನೋಯೆಲ್ ಬರ್ನಾರ್ 1899ರಲ್ಲಿ ಇದನ್ನು ಕಂಡುಹಿಡಿದ. ಮಣ್ಣಿನ ಶಿಲೀಂಧ್ರವೊಂದರ ಎಳೆ ಬೀಜದೊಳಕ್ಕೆ ನುಗ್ಗಬೇಕು. ಭ್ರೂಣದ ಕೋಶಗಳಲ್ಲಿ ಆ ಎಳೆಗಳು ನೂಲಿನ ಉಂಡೆಗಳಾಗಿ ಸುತ್ತಿಕೊಳ್ಳುತ್ತವೆ. ಭ್ರೂಣ ಆ ಉಂಡೆಗಳನ್ನೇ ಜೀರ್ಣಿಸಿಕೊಂಡು ಬೆಳೆಯುತ್ತದೆ. ಕೊಳೆತ ಎಲೆ, ಬೇರುಗಳಿಂದ ಶಿಲೀಂಧ್ರ ಕೂಡಿಸಿದ ಸಕ್ಕರೆ ಗಿಡದ ಪಾಲಾಗುತ್ತದೆ. ಬೇರಿಲ್ಲದ, ಎಲೆಯಿಲ್ಲದ, ಹಸಿರಿಲ್ಲದ ಪುಟ್ಟ ಗಂಟಾಗಿ ಅದು ಬೆಳಕು ಕಾಣದೆ ಮಣ್ಣಿನಲ್ಲೇ ದಿನ ಕಳೆದು, ಮೊದಲ ಗಡ್ಡೆ ಕಟ್ಟಿದ ಮೇಲೆ ಮೊದಲ ಎಲೆ ಎತ್ತುತ್ತದೆ. ಮೊದಲ ಹೂವಿಗೆ ಇನ್ನೂ ವರ್ಷಗಳು ಬೇಕು. ದೊಡ್ಡದಾದ ಮೇಲೂ ಆ ಮೊಂಡು ಬೇರುಗಳಲ್ಲಿ ಶಿಲೀಂಧ್ರ ಪ್ರತಿ ಮಳೆಗಾಲ ಹೊಸದಾಗಿ ಮನೆ ಮಾಡುತ್ತದೆ.

1922ರಲ್ಲಿ ಅಮೆರಿಕದ ನುಡ್‌ಸನ್ ಸಕ್ಕರೆ ಬೆರೆಸಿದ ಅಗಾರ್ ಮೇಲೆ ಶಿಲೀಂಧ್ರದ ನೆರವಿಲ್ಲದೇ ಆರ್ಕಿಡ್ ಬೀಜ ಮೊಳೆಯಿಸಿದ. ಇಂದು ಅಂಗಡಿಗಳಲ್ಲಿ ಸಿಗುವ ಆರ್ಕಿಡ್‌ಗಳ ಉದ್ಯಮ ನಿಂತಿರುವುದು ಆ ಅಗಾರ್ ಬಾಟಲಿಯ ಮೇಲೆ. ಬಾಟಲಿಯಲ್ಲಿ ಮೊಳೆತದ್ದು ಮಡ್ಡಿಯಲ್ಲಿ ಬದುಕುವುದು ಬೇರೆ ಮಾತು. ಅಲ್ಲಿನ ಮಣ್ಣಿನಲ್ಲಿ ಅದರ ಶಿಲೀಂಧ್ರ ಇರಬೇಕು, ಶಿಲೀಂಧ್ರಕ್ಕೆ ಬೇಕಾದ ಕೊಳೆತ ಹುಲ್ಲು ಇರಬೇಕು, ನೀರು ನಿಲ್ಲಬೇಕು, ನಿಂತದ್ದು ಬೇಗ ಇಳಿಯಲೂ ಬೇಕು. ಮನೆಯಂಗಳದ ಕುಂಡಕ್ಕೆ ತಂದ ಗಿಡ ಆ ಮಳೆಗಾಲ ಹೂ ಬಿಟ್ಟು ತೋರಿಸುತ್ತದೆ, ಏಕೆಂದರೆ ಅದು ಹಳೆಯ ಗಡ್ಡೆಯ ಗಂಟಿನ ಮೇಲೆ ನಡೆದಿರುತ್ತದೆ. ಮರುವರ್ಷ ಬರುವುದಿಲ್ಲ.

ಈ ನೆಲ ಹೇಗಿದೆ ಎಂಬುದನ್ನು ಕ್ಯಾಂಪಿನ ಪಕ್ಕದ ಕೋಟೆಯ ಗೋಡೆಯಲ್ಲೇ ನೋಡಬಹುದು. ಕಪ್ಪು ಬಸಾಲ್ಟ್ ಬಂಡೆ ಲಕ್ಷಾಂತರ ವರ್ಷ ಮಳೆ ಬಿಸಿಲಿಗೆ ಸಿಕ್ಕು, ಕರಗುವುದೆಲ್ಲ ಕರಗಿಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿದು ಗಟ್ಟಿಯಾದದ್ದೇ ಜಂಬಿಟ್ಟಿಗೆ. ಮೈತುಂಬ ತೂತು. ಯಳ್ಳೂರಿನ ರಾಜಹಂಸಗಡದಿಂದ ಜಾಂಬೋಟಿ, ಚೋರ್ಲಾದವರೆಗೆ ಗುಡ್ಡಗಳ ನೆತ್ತಿಯ ಮೇಲೆ ಅದೇ ಕಲ್ಲಿನ ಟೋಪಿ. ಅದರ ಮೇಲೆ ಮಣ್ಣು ಬೆರಳುದ್ದ, ಕೆಲವೆಡೆ ಅದೂ ಇಲ್ಲ. ಮರ ಬೆಳೆಯದ ಕಾರಣ ಇದಕ್ಕೆ ಕಂದಾಯದ ಕಣ್ಣಿನಲ್ಲಿ ಪಾಳು ಎಂಬ ಪಟ್ಟ. ಭೀಮಗಡ ಅಭಯಾರಣ್ಯ 2011ರಲ್ಲಿ ಘೋಷಣೆಯಾದಾಗ ಖಾನಾಪುರದ ದಟ್ಟ ಕಾಡಿಗೆ, ಮಹದಾಯಿಯ ಮೂಲಕ್ಕೆ, ಬಾರಾಪೇಡೆ ಗುಹೆಯ ಅಪರೂಪದ ಬಾವಲಿಗಳಿಗೆ ರಕ್ಷಣೆ ಸಿಕ್ಕಿತು. ಬಹಳ ದೊಡ್ಡ ಕೆಲಸ ಅದು. ಗೆರೆಯ ಹೊರಗೆ ಉಳಿದ ಮಡ್ಡಿಗಳು ಕಲ್ಲಿನ ಗಣಿಗೆ, ನಿವೇಶನಕ್ಕೆ, ರೆಸಾರ್ಟಿಗೆ ಸುಲಭದ ಜಾಗ. ಕೆಂಪು ಮಣ್ಣು ತಂದು ಸುರಿದು ಗೋಡಂಬಿ ನೆಟ್ಟರೆ ಹಸಿರಾಯಿತೆಂದು ಖುಷಿಪಡುವವರೂ ಇದ್ದಾರೆ. ಆ ಸುರಿದ ಮಣ್ಣಿನ ಅಡಿಯಲ್ಲಿ ಗಡ್ಡೆ ಉಸಿರುಕಟ್ಟುತ್ತದೆ.

ಮಡ್ಡಿ ಅಗೆಯುವವರು ಕೊಡುವ, ಗಿಡಗಳನ್ನು ಬೇರೆಡೆ ಸ್ಥಳಾಂತರಿಸುತ್ತೇವೆ ಎಂಬ ಭರವಸೆಯನ್ನು ನೆಲದ ಆರ್ಕಿಡ್‌ಗಳ ಮಟ್ಟಿಗೆ ನಾನು ಒಪ್ಪಲಾರೆ. ಸ್ಥಳಾಂತರಿಸಬೇಕಾದದ್ದು ಗಡ್ಡೆಯನ್ನಲ್ಲ, ಆ ಮಣ್ಣನ್ನು, ಅದರ ಶಿಲೀಂಧ್ರವನ್ನು, ಕೆಳಗಿನ ಕಲ್ಲನ್ನು. ಅದಕ್ಕೂ ಮೊದಲಿನ ಪ್ರಶ್ನೆ ಸಮೀಕ್ಷೆಯದು. ಒಂದು ಮಡ್ಡಿಯ ಸಸ್ಯಗಳ ಪಟ್ಟಿ ಮಾಡಲು ಓಡಾಟಕ್ಕೆ ಅನುಕೂಲವೆಂದು ಫೆಬ್ರವರಿಯಲ್ಲೋ ಏಪ್ರಿಲ್‌ನಲ್ಲೋ ಹೋದರೆ ಅಲ್ಲಿ ಸುಟ್ಟ ಹುಲ್ಲು, ನಾಲ್ಕು ಕವಳಿ ಪೊದೆ ಬಿಟ್ಟು ಬರೆಯಲು ಏನೂ ಸಿಗುವುದಿಲ್ಲ. ಕಾಲ ಕೆಳಗೆ ಸಾವಿರ ಗಡ್ಡೆಗಳಿದ್ದರೂ ಹಾಳೆಯ ಮೇಲೆ ಆರ್ಕಿಡ್ ಸೊನ್ನೆ. ಗ್ರಾಂಡಿಫ್ಲೋರಿಫಾರ್ಮಿಸ್‌ಗೆ ಜೂನ್ ಕೊನೆ, ರಾರಿಫ್ಲೋರಾಕ್ಕೆ ಜುಲೈ ಕೊನೆ, ಹೇನಿಯಾನಾ ಮತ್ತು ಲಾಂಗಿಕಾರ್ನಿಕ್ಯುಲೇಟಾಕ್ಕೆ ಗಣೇಶ ಚೌತಿಯ ಆಚೀಚೆ, ಮಾರ್ಜಿನೇಟಾಕ್ಕೆ ಅಕ್ಟೋಬರ್ ಮೊದಲ ವಾರ. ಇಷ್ಟೂ ಹೊತ್ತಿಗೆ ಹೋಗಿ, ಹೂವಿನ ಮುಂದಿನಿಂದ ಒಂದು, ಬಾಲ ಕಾಣುವಂತೆ ಪಕ್ಕದಿಂದ ಒಂದು, ಬುಡದ ಎಲೆಯದೊಂದು ಚಿತ್ರ ತೆಗೆದು, ಊರಿನ ಹೆಸರನ್ನೂ ತಾರೀಖನ್ನೂ ಬರೆದು ತಂದ ಪಟ್ಟಿಯನ್ನು ಮಾತ್ರ ಆ ಮಡ್ಡಿಯ ಸಸ್ಯಪಟ್ಟಿ ಎನ್ನಬಹುದು.